ಶುದ್ಧ ನೀರಿನ ಘಟಕದ ವೇಸ್ಟ್ ನೀರು ಎಲ್ಲಿಗೆ ಬಿಡಬೇಕು?

ಪಾವಗಡ_ಬಯಲು:
ನಮ್ಮೂರ ಶುದ್ಧ ಕುಡಿಯುವ ನೀರಿನ ಘಟಕದ ವೇಸ್ಟ್ ಪೈಪನ್ನು ಹಿಂದಿನ ಚರಂಡಿಗೆ ಬಿಟ್ಟಿದ್ದಾರೆ. ಮುಂದೆ ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು, ಹಿಂದೆ ಹೆಚ್ಚು ಕಡಿಮೆ ಅಷ್ಟೇ ವೇಸ್ಟ್. ಚರಂಡಿ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆ. ಬೋರ್‌ವೆಲ್ ಅಲ್ಲೇ ಪಕ್ಕದಲ್ಲಿದೆ. ಬೋರ್ ನೀರಿನಿಂದ ತೆಗೆದ ಫ್ಲೋರೈಡನ್ನು (ಹಲ್ಲು, ಮೂಳೆ ಕೆಡಿಸುವ ಲವಣ) ಮತ್ತೆ ಅದೇ ನೆಲಕ್ಕೆ ಸುರಿಯುವುದಾದರೆ ಘಟಕ ಯಾಕೆ ಬೇಕು?

ನೀರುಗಂಟಿ:
"ಘಟಕ ಯಾಕೆ ಬೇಕು" ಎನ್ನುವವರು ಹಳೇ ಬೋರ್ ನೀರನ್ನೇ ಮಕ್ಕಳಿಗೆ ಕುಡಿಸುತ್ತೀರಾ? ಹಲ್ಲು ಕಂದಾದವರು, ಬೆನ್ನು ಬಗ್ಗಿದವರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ನಾವು ಘಟಕದ ವೇಸ್ಟ್ ನೀರನ್ನು ದನದ ತೊಟ್ಟಿಗೆ ಬಿಡುತ್ತೇವೆ. ಒಂದು ಹನಿ ದಂಡ ಆಗುವುದಿಲ್ಲ.

ಕೋಲಾರ_ಕೆಮಿಸ್ಟ್ರಿ:
ದನದ ತೊಟ್ಟಿಗಾ? ಲೆಕ್ಕ ಹಾಕಿ. ಬೋರ್ ನೀರಿನಲ್ಲಿ ಲೀಟರಿಗೆ 2.5 ಮಿಲಿಗ್ರಾಂ ಫ್ಲೋರೈಡ್ ಇದೆ ಎನ್ನೋಣ. ಅರ್ಧ ನೀರು ಶುದ್ಧವಾಗಿ ಬಂದರೆ ಅದರ ಫ್ಲೋರೈಡೆಲ್ಲ ಉಳಿದರ್ಧಕ್ಕೆ ಸೇರುತ್ತದೆ, ಹತ್ತಿರ ಹತ್ತಿರ 5. ಮನುಷ್ಯರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 1, ಬೇರೆ ನೀರೇ ಸಿಗದಿದ್ದರೆ 1.5.

ನೀರುಗಂಟಿ:
"ಹತ್ತಿರ ಹತ್ತಿರ", "ಎನ್ನೋಣ". ಎಲ್ಲಾ ಅಂದಾಜು. ನಾನು ದಿನಾ ಮೀಟರ್ ಅದ್ದಿ ನೋಡುತ್ತೇನೆ. ನಮ್ಮ ಎಮ್ಮೆಗಳು ಚೆನ್ನಾಗಿ ಹಾಲು ಕೊಡುತ್ತಿವೆ.

ಕೋಲಾರ_ಕೆಮಿಸ್ಟ್ರಿ:
ಟಿಡಿಎಸ್ ಮೀಟರ್ ಅಲ್ವಾ? ಅದು ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಕೊಡುತ್ತದೆ. ಫ್ಲೋರೈಡ್ ಎಷ್ಟು ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಹೈನು_ಮನೆ:
ಹಾಲು ಕೊಡುವುದನ್ನು ಸಾಕ್ಷಿ ಮಾಡಬೇಡಿ. ದನಕ್ಕೂ ಫ್ಲೋರೋಸಿಸ್, ಅಂದರೆ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆ ಕೆಡುವ ರೋಗ ಬರುತ್ತದೆ, ನಿಧಾನವಾಗಿ. ಹಲ್ಲು ಮೂಡುವ ವಯಸ್ಸಿನ ಕರುಗಳಿಗೆ ಜಾಸ್ತಿ ಪೆಟ್ಟು. ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ, ಬೇಗ ಸವೆಯುತ್ತದೆ, ಮೇವು ಅಗಿಯಲು ಆಗುವುದಿಲ್ಲ. ಆಮೇಲೆ ಕುಂಟು. ಇವತ್ತೇ ಒಂದು ಕರುವಿನ ತುಟಿ ಎತ್ತಿ ನೋಡಿ.

ನೀರುಗಂಟಿ:
ತುಟಿ ಎತ್ತಿ ನೋಡಿ ಎಂದು ಹೇಳುವುದು ಸುಲಭ. ಏಪ್ರಿಲ್‌ನಲ್ಲಿ ಕೆರೆ ಒಣಗಿದಾಗ ಅವುಗಳ ಬಾಯಿಗೆ ನೀರು ಯಾರು ಹಾಕುತ್ತಾರೆ? ನೀವಾ?

ಹೈನು_ಮನೆ:
ಬೋರ್ ನೀರನ್ನೇ ನೇರವಾಗಿ ಹಾಕಿ! ಅದರಲ್ಲಿ ಇದರ ಅರ್ಧದಷ್ಟಾದರೂ ಕಡಿಮೆ ಇರುತ್ತದಲ್ಲ. ನೀರಿಲ್ಲ ಎಂದು ವಿಷ ಜಾಸ್ತಿ ಇರುವುದನ್ನೇ ಆರಿಸಿ ಕುಡಿಸಬೇಕಾ?

ಸುರಪುರ_ಸೀಮೆ:
ದನದ ಜಗಳ ಆಮೇಲೆ ಆಡಿ. ನಮ್ಮ ಕಡೆ ಕಿರದಳ್ಳಿ ತಾಂಡಾದ ನೀರಿನಲ್ಲಿ ಸಿಕ್ಕಿದ್ದು ಆರ್ಸೆನಿಕ್ ಎಂಬ ವಿಷ. ಕಬ್ಬಿಣದ ಪುಡಿ ತುಂಬಿದ ಫಿಲ್ಟರ್ ಅದನ್ನು ಹಿಡಿದುಕೊಳ್ಳುತ್ತದೆ, ಸರಿ. ಆ ಪುಡಿ ಹಳೆಯದಾದ ಮೇಲೆ? ಗುಂಡಿ ತೋಡಿ ಮುಚ್ಚಿದರೆ ಒಳಗೆ ಗಾಳಿ ಆಡುವುದಿಲ್ಲ. ಕಬ್ಬಿಣ ಕರಗುತ್ತದೆ, ಹಿಡಿದ ಆರ್ಸೆನಿಕ್ ಮತ್ತೆ ನೀರಿಗೆ ಬಿಡುತ್ತದೆ. ಅದನ್ನು ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಕಳಿಸಬೇಕು.

ನೀರುಗಂಟಿ:
"ಕಳಿಸಬೇಕು". ಅಂಥ ಜಾಗ ಇರುವುದು ಅಲ್ಲೆಲ್ಲೋ ಬೆಂಗಳೂರು ಕಡೆ, ದಾಬಸ್‌ಪೇಟೆ ಹತ್ತಿರ. ಸುರಪುರದಿಂದ ಲಾರಿ ಬಾಡಿಗೆ ಪಂಚಾಯಿತಿ ಕೊಡಬೇಕಾ?

ಹೊಳೆನೀರು:
ಸುಮ್ನೆ ಯಾಕೆ ಹೊಡೆದಾಟ? ತುಂಗಭದ್ರಾ ಹಿನ್ನೀರು ಪಾವಗಡದ ಎಲ್ಲ ಹಳ್ಳಿಗೂ ಸರಿಯಾಗಿ ತಲುಪಿದರೆ ಘಟಕವೂ ಬೇಡ, ವೇಸ್ಟೂ ಇಲ್ಲ.

ಪಾವಗಡ_ಬಯಲು:
"ತಲುಪಿದರೆ". ಚರಂಡಿಗೆ ಇವತ್ತೂ ಬೀಳುತ್ತಿದೆ ಸ್ವಾಮಿ. ಘಟಕದ ಟೆಂಡರಿನಲ್ಲೇ ತಳಕ್ಕೆ ಹಾಳೆ ಹಾಸಿದ, ಸೋರದ ಆವಿ ತೊಟ್ಟಿ (ವೇಸ್ಟ್ ನೀರು ಬಿಸಿಲಿಗೆ ಆವಿಯಾಗಿ ಹೋಗುವ ತೊಟ್ಟಿ) ಸೇರಿಸಬೇಕು. ತಳದಲ್ಲಿ ಉಳಿಯುವ ಉಪ್ಪನ್ನು ಸಾಗಿಸುವ ಖರ್ಚೂ ಅದರಲ್ಲೇ ಇರಬೇಕು. ಲಾರಿ ಬಾಡಿಗೆ ಕೇಳಿದಿರಲ್ಲ, ಅದಕ್ಕೂ ಇದೇ ಉತ್ತರ.

ನೀರುಗಂಟಿ:
ಮೊದಲು ತೊಟ್ಟಿ ಕಟ್ಟಿಸಿಕೊಡಲಿ, ಪೈಪು ನಾನೇ ತಿರುಗಿಸುತ್ತೇನೆ. ಅಲ್ಲಿಯವರೆಗೆ ದನಕ್ಕೆ ಬಿಡುವುದೇ.

ಕೋಲಾರ_ಕೆಮಿಸ್ಟ್ರಿ:
ಬಿಡುವ ಮೊದಲು ಆ ನೀರನ್ನು ಜಿಲ್ಲಾ ಲ್ಯಾಬಿಗೆ ಕೊಟ್ಟು ರಿಪೋರ್ಟ್ ಇಲ್ಲಿ ಹಾಕಿ. ಟಿಡಿಎಸ್ ಬೇಡ, ಫ್ಲೋರೈಡ್ ಹಾಕಿ.