ಗೇಮ್ ಬಾಯ್ ಹಾಡು: ರೆಕಾರ್ಡ್ ಮಾಡಿದರೆ ಬೇಸ್ ಮಾಯ, ಕುಂಯ್ ಸದ್ದು ಮಾತ್ರ ಗಟ್ಟಿ. ಏನು ಮಾಡಲಿ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಗೇಮ್ ಬಾಯ್ ಕಲರ್ (ಕೈಯಲ್ಲಿ ಹಿಡಿದು ಆಡುವ ಹಳೇ ಗೇಮ್ ಯಂತ್ರ) ಒಂದನ್ನು ತಗೊಂಡೆ, ಜೊತೆಗೆ ಫ್ಲ್ಯಾಶ್ ಕಾರ್ಟ್ರಿಜ್, ಅಂದ್ರೆ ನಮಗೆ ಬೇಕಾದ ಪ್ರೋಗ್ರಾಂ ತುಂಬಬಹುದಾದ ಕಾರ್ಟ್ರಿಜ್. ಅದರಲ್ಲಿ ಎಲ್‌ಎಸ್‌ಡಿಜೆ ಹಾಕಿದ್ದೇನೆ, ಗೇಮ್ ಬಾಯ್‌ನಲ್ಲೇ ಹಾಡು ಕಟ್ಟುವ ಪ್ರೋಗ್ರಾಂ. ಮೊದಮೊದಲು ಏನೂ ಅರ್ಥವಾಗಲಿಲ್ಲ, ಈಗ ಬಸ್ಸಿನಲ್ಲಿ ಕೂತೇ ಒಂದು ಹಾಡು ಮುಗಿಸುವಷ್ಟು ಕೈ ಕುದುರಿದೆ. ರಾತ್ರಿ ದೀಪ ಆರಿಸಿ ಮಲಗಿಕೊಂಡು ಮಾಡೋದೇ ಜಾಸ್ತಿ, ಸ್ಕ್ರೀನ್ ಚೆನ್ನಾಗಿ ಬೆಳಗುತ್ತದೆ, ಅದೊಂದು ಖುಷಿ.

ಸಮಸ್ಯೆ ಏನಂದ್ರೆ, ಇಯರ್‌ಫೋನ್‌ನಲ್ಲಿ ಸಖತ್ತಾಗಿ ಕೇಳುವ ಹಾಡು ಲ್ಯಾಪ್‌ಟಾಪ್‌ಗೆ ಹೋದ ತಕ್ಷಣ ಹಾಳಾಗುತ್ತದೆ. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ತೂತಿಗೆ ಒಂದು ಕೇಬಲ್ ಹಾಕಿ ರೆಕಾರ್ಡ್ ಮಾಡ್ತೀನಿ. ಹಿಂದೆ ಸದಾ ಒಂದು ಕುಂಯ್ ಅನ್ನೋ ಸದ್ದು. ಫೋನಿನಲ್ಲಿ ಹಾಕಿದರೆ ಬೇಸ್ ಇದೆ ಅಂತಲೇ ಗೊತ್ತಾಗಲ್ಲ, ಹೈ-ಹ್ಯಾಟ್ (ಡ್ರಮ್ಸ್‌ನ ಚಿಸ್ ಚಿಸ್ ತಾಳ) ಮಾತ್ರ ಕಿವಿಗೆ ಚುಚ್ಚುತ್ತದೆ. ತಂಗಿಗೆ ಕೇಳಿಸಿದೆ, "ಸೊಳ್ಳೆ ಬ್ಯಾಟ್ ಥರ ಇದೆ ಕಣೋ" ಅಂದಳು. ಕಂಪ್ಯೂಟರಿನಲ್ಲಿ ಈಕ್ವಲೈಜರ್ ಹಾಕಿ ಬೇಸ್ ಏರಿಸಿದೆ, ಕುಂಯ್ ಸದ್ದಿನ ಜೊತೆ ಒಂದು ಗುಂಯ್ ಸದ್ದೂ ಸೇರಿಕೊಂಡಿತು, ಅಷ್ಟೇ.

ಇನ್ನೊಂದು ಸಣ್ಣ ಪ್ರಶ್ನೆ. ಮಿಶ್ರ ಛಾಪು ತಾಳದಲ್ಲಿ ಏನಾದ್ರೂ ಮಾಡಬೇಕು ಅಂತ ಆಸೆ. ಎಲ್‌ಎಸ್‌ಡಿಜೆಯಲ್ಲಿ ಒಂದು ಫ್ರೇಸ್‌ಗೆ (ಸ್ವರ ಬರೆಯುವ ಪಟ್ಟಿ) 16 ಸಾಲು ಇದೆ, ಏಳು ಅಕ್ಷರದ ತಾಳವನ್ನು ಅದರಲ್ಲಿ ಕೂರಿಸೋದು ಹೇಗೆ?

ಪೆನ್ಸಿಲ್‌ಸೆಲ್:

ಮೊದಲು ಆ ಕುಂಯ್ ಸದ್ದು ನೋಡೋಣ, ಉಳಿದದ್ದು ಆಮೇಲೆ. ನೀವು ಬರೆದಿದ್ದರಲ್ಲೇ ಕಳ್ಳ ಸಿಕ್ಕಿದ್ದಾನೆ. ಗೇಮ್ ಬಾಯ್ ಕಲರ್ 1998ರ ಯಂತ್ರ, ಅದರ ಮೂಲ ಪರದೆಗೆ ಹಿಂಬದಿ ಬೆಳಕೇ ಇಲ್ಲ. ಕತ್ತಲಲ್ಲಿ ನಿಮ್ಮದು ಬೆಳಗುತ್ತಿದೆ ಅಂದ್ರೆ ಯಾರೋ ಹಿಂಬದಿ ಬೆಳಕಿರುವ ಹೊಸ ಐಪಿಎಸ್ ಪರದೆ ಕೂರಿಸಿ ಮಾರಿದ್ದಾರೆ. ಅದು ಒಳಗಿನ ಕರೆಂಟಿಗೆ ಗಲಾಟೆ ಮಾಡುತ್ತದೆ, ಆ ಗಲಾಟೆ ಹೆಡ್‌ಫೋನ್ ತನಕ ಬರುತ್ತದೆ. ಪರೀಕ್ಷೆ ಸುಲಭ. ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಇಯರ್‌ಫೋನ್ ಹಾಕಿಕೊಂಡು ಬ್ರೈಟ್‌ನೆಸ್ ಬದಲಾಯಿಸಿ. ಸದ್ದಿನ ಸ್ವರ ಅದರ ಜೊತೆ ಬದಲಾದರೆ ಪರದೆಯದ್ದೇ ಕೆಲಸ. ರೆಕಾರ್ಡ್ ಮಾಡುವಾಗ ಬೆಳಕು ಪೂರ್ತಿ ಇಳಿಸಿ, ಎರಡೂ ಸೆಲ್ ಹೊಸದು ಹಾಕಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ. ಚಾರ್ಜರಿಂದಲೂ ಇಂಥದ್ದೇ ಸದ್ದು ಬರುತ್ತದೆ, ನಾನು ಎರಡು ವಾರ ಪರದೆಯನ್ನು ಬೈದುಕೊಂಡು ಕೊನೆಗೆ ಚಾರ್ಜರ್ ಹಿಡಿದಿದ್ದೆ.

ಇನ್ನು ಲ್ಯಾಪ್‌ಟಾಪಿನ ಆ ತೂತು. ಸಾಮಾನ್ಯವಾಗಿ ಅದು ಹೆಡ್‌ಸೆಟ್‌ಗಾಗಿ ಇರೋದು, ಒಳಗೆ ಹೋಗುವ ದಾರಿ ಮೈಕಿನದ್ದು ಮಾತ್ರ, ಅದೂ ಮೋನೋ. ಗೇಮ್ ಬಾಯ್ ಕೊಡೋದು ಸ್ಟೀರಿಯೋ, ಮೈಕಿಗಿಂತ ಎಷ್ಟೋ ಜೋರು. ಲೈನ್ ಇನ್‌ಪುಟ್ ಎರಡಿರುವ ಯಾವುದಾದರೂ ಆಡಿಯೋ ಇಂಟರ್‌ಫೇಸ್ (ಹೊರಗಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಡಬ್ಬಿ) ಸಾಕು, ಹೊಸದೇ ಬೇಕಿಲ್ಲ. ಒಂದು ಕಡೆ ಸಣ್ಣ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ದಪ್ಪ ಮೋನೋ ಪಿನ್ ಇರುವ ಕೇಬಲ್ ತಗೊಳ್ಳಿ.

ನಾಲ್ಕೇಚಾನಲ್:

ಮಾರಾಯ್ರೇ, ಈಕ್ವಲೈಜರ್ ಮುಟ್ಟಬೇಡಿ. ಬೇಸ್ ಎಲ್ಲಿ ಹೋಯಿತು ಅಂತ ಕಾರ್ಟ್ರಿಜ್ ಒಳಗೇ ನೋಡಬೇಕು.

ಬೇಸ್ ಯಾವ ಚಾನಲ್‌ನಲ್ಲಿ ಇಟ್ಟಿದ್ದೀರಿ? ಚಾನಲ್ ಅಂದ್ರೆ ಒಂದು ಸಲಕ್ಕೆ ಒಂದೇ ಸದ್ದು ನುಡಿಸುವ ದಾರಿ. ಪಲ್ಸ್ (ಚೌಕ ಅಲೆ) ಎರಡು, ವೇವ್ (ಆಕಾರ ನಾವೇ ಕೊಡುವ ಅಲೆ) ಒಂದು, ನಾಯ್ಸ್ (ಹೈ-ಹ್ಯಾಟ್ ಥರದ ಸದ್ದಿಗೆ) ಒಂದು, ಇರೋದೇ ನಾಲ್ಕು. ಪಲ್ಸ್ ಚಾನಲ್ 64 ಹರ್ಟ್ಸ್‌ಗಿಂತ ಕೆಳಗೆ ಇಳಿಯೋದೇ ಇಲ್ಲ, ವೇವ್ 32ರ ತನಕ ಹೋಗುತ್ತದೆ. ಹಾಗಾಗಿ ಎಲ್ಲರೂ ಬೇಸನ್ನು ವೇವ್‌ಗೆ ಕೊಡ್ತಾರೆ, ನೀವೂ ಕೊಟ್ಟಿರ್ತೀರಿ. ಆದರೆ ಅಷ್ಟು ಕೆಳಗಿನ ಸ್ವರವನ್ನು ನುಣುಪಾದ ಅಲೆಯಲ್ಲಿ ನುಡಿಸಿದರೆ ಫೋನಿನ ಸ್ಪೀಕರ್ ಅದನ್ನು ಹೊರಗೆ ಹಾಕೋದೇ ಇಲ್ಲ, ನೀವು ಎಷ್ಟು ಏರಿಸಿದರೂ ಅಷ್ಟೇ. ಆ ಅಲೆಗೆ ಸ್ವಲ್ಪ ಹಲ್ಲು ಬರಬೇಕು. ಗರಗಸದ ಆಕಾರ ಮಾಡಿ ನೋಡಿ, ಅಥವಾ ಒಂದು ಆಕ್ಟೇವ್ ಮೇಲೆ ತನ್ನಿ. ಹಾರ್ಮೋನಿಕ್ಸ್ (ಸ್ವರದ ಜೊತೆಗೇ ಬರುವ ಮೇಲಿನ ಸ್ವರಗಳು) ಕೇಳಿಸಿದರೆ ಸಾಕು, ಕೆಳಗಿನದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಮಿಕ್ಸಿಂಗ್ ವಿಷಯಕ್ಕೆ ಬರೋಣ. ವೇವ್ ಚಾನಲ್‌ಗೆ ವಾಲ್ಯೂಮ್ ಮಟ್ಟ ನಾಲ್ಕೇ: ಸೊನ್ನೆ, ಕಾಲು, ಅರ್ಧ, ಪೂರ್ತಿ. ಪಲ್ಸ್‌ಗೂ ನಾಯ್ಸ್‌ಗೂ 16 ಮಟ್ಟ. ಅಂದ್ರೆ ಬೇಸನ್ನು ಹಾಡಿಗೆ ಹೊಂದಿಸೋಕೆ ಆಗಲ್ಲ, ಹಾಡನ್ನು ಬೇಸಿಗೆ ಹೊಂದಿಸಬೇಕು. ಬೇಸ್ ಪೂರ್ತಿ ಇಟ್ಟು ಉಳಿದ ಮೂರನ್ನೂ ಅದರ ಕೆಳಗೆ ಇಳಿಸಿಕೊಂಡು ಬನ್ನಿ. ನಾನು ಮುಖ್ಯ ಟ್ಯೂನ್‌ಗೆ ಎನ್ವಲಪ್‌ನ (ಸ್ವರದ ಜೋರು ಹೇಳುವ ಸೆಟ್ಟಿಂಗ್) ಮೊದಲ ಅಂಕಿ ಎ, ಅಂದ್ರೆ ಹತ್ತು, ಇಡ್ತೀನಿ. ಅದೇ ಟ್ಯೂನನ್ನು ಎರಡನೇ ಪಲ್ಸ್‌ನಲ್ಲಿ ಮೂರು ಸಾಲು ತಡವಾಗಿ 4ರಲ್ಲಿ ನುಡಿಸ್ತೀನಿ, ಎಕೋ ಬಂದ ಹಾಗೆ ಇರುತ್ತದೆ. ಹೈ-ಹ್ಯಾಟ್ 3. ಇಯರ್‌ಫೋನ್‌ನಲ್ಲಿ ಹೈ-ಹ್ಯಾಟ್ ಬಹಳ ಸಣ್ಣದಾಯಿತು ಅನಿಸುತ್ತದಲ್ಲ, ಫೋನಿನಲ್ಲಿ ಅದೇ ಸರಿಯಾದ ಅಳತೆ.

ಡ್ಯೂಟಿ, ಅಂದ್ರೆ ಪಲ್ಸ್ ಅಲೆ ಎಷ್ಟು ಪಾಲು ಹೊತ್ತು ಮೇಲಿರುತ್ತದೆ ಅನ್ನೋದು, ಅದೂ ಒಂದು ಮಿಕ್ಸರ್ ಇದ್ದಂಗೆ. 50 ಪರ್ಸೆಂಟ್ ತುಂಬಿಕೊಂಡು ಕೇಳುತ್ತದೆ, 12.5 ಮೂಗಿನಿಂದ ಹಾಡಿದ ಹಾಗೆ. ಎರಡು ಪಲ್ಸ್‌ಗೂ ಒಂದೇ ಡ್ಯೂಟಿ ಕೊಟ್ಟರೆ ಒಂದರ ಮೇಲೊಂದು ಹತ್ತಿ ಕೂರುತ್ತವೆ, ಬೇರೆ ಬೇರೆ ಕೊಡಿ. 25 ಮತ್ತು 75 ಬೇರೆ ಅಂದುಕೊಂಡು ಕೊಡಬೇಡಿ, ಅದು ಅದೇ ಅಲೆ ತಲೆಕೆಳಗಾಗಿದ್ದು, ಕಿವಿಗೆ ಎರಡೂ ಒಂದೇ. ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಕೂಡ ವೇವ್‌ನಲ್ಲೇ ಇದ್ದರೆ ಕಿಕ್ ಬರುವ ಸಾಲಿನಲ್ಲಿ ಬೇಸ್ ಸ್ವರ ಇಡಬೇಡಿ, ಎರಡು ಸಾಲು ಬಿಟ್ಟು ಶುರು ಮಾಡಿ. ಒಂದು ಸೀಟು, ಇಬ್ಬರು ಪ್ರಯಾಣಿಕರು, ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರಬೇಕು.

ಮಿಶ್ರ ಛಾಪು ಸುಲಭ. ಒಂದು ಅಕ್ಷರಕ್ಕೆ ಎರಡು ಸಾಲು ಲೆಕ್ಕ ಹಾಕಿದರೆ 14 ಸಾಲು ಬೇಕು. ಸಾಲುಗಳ ನಂಬರ್ 0ಯಿಂದ ಎಫ್‌ವರೆಗೆ (9 ಆದ ಮೇಲೆ ಎ, ಬಿ, ಸಿ ಅಂತ) ಇದೆ ಅಲ್ವಾ, ಇ ಅನ್ನೋ ಹದಿನೈದನೇ ಸಾಲಿನಲ್ಲಿ ಎಚ್00 ಕಮಾಂಡ್ ಹಾಕಿ, ಅಲ್ಲಿಂದ ಮುಂದಿನ ಫ್ರೇಸ್‌ಗೆ ಹಾರುತ್ತದೆ. ನಾಲ್ಕೂ ಚಾನಲ್‌ನ ಪ್ರತಿ ಫ್ರೇಸ್‌ಗೂ ಹಾಕಬೇಕು. ಒಂದರಲ್ಲಿ ಮರೆತರೆ ತಾಳ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ, ಎಲ್ಲಿ ತಪ್ಪಿತು ಅಂತ ಹುಡುಕೋದರಲ್ಲೇ ಬೆಳಗಾಗುತ್ತದೆ.

ಟಿನ್_ಮತ್ತು_ಸೀಸ:

ಪ್ರೋಸೌಂಡ್ ಮಾಡಿಸಿ, ಎಲ್ಲಾ ಸರಿ ಹೋಗುತ್ತೆ. ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹೋಗುವ ಮೊದಲೇ ಸಿಗ್ನಲ್ ಹೊರಗೆ ತಗೊಳ್ಳೋದು, ಎರಡು ಮೂರು ವೈರ್ ಸೋಲ್ಡರ್ ಅಷ್ಟೇ.

ಪೆನ್ಸಿಲ್‌ಸೆಲ್:

ಸೋಲ್ಡರಿಂಗ್ ಕೈಗೆ ಅಭ್ಯಾಸ ಇದ್ದವರಿಗೆ ಅಷ್ಟೇ. ನನ್ನದನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ, ವಾಲ್ಯೂಮ್ ಚಕ್ರದ ಹತ್ತಿರದ ತಾಮ್ರದ ಗೆರೆ ಕಿತ್ತುಬಂತು, ಎಡಗಡೆ ಮೂಕ. ಮೇಲಾಗಿ ಪರದೆಯಿಂದ ಬರುವ ಸದ್ದಿಗೆ ಅದು ಪೂರ್ತಿ ಮದ್ದಲ್ಲ. ಮೊದಲು ಪುಕ್ಕಟೆ ಉಪಾಯ ಎಲ್ಲಾ ಮುಗಿಯಲಿ.

ರಾತ್ರಿಪಾಳಿ:

ಈಗಷ್ಟೇ ನೋಡಿದೆ. ಬ್ರೈಟ್‌ನೆಸ್ ಒಂದೊಂದೇ ಮೆಟ್ಟಿಲು ಇಳಿಸಿದ ಹಾಗೆ ಕುಂಯ್ ಸದ್ದಿನ ಸ್ವರವೂ ಬದಲಾಗುತ್ತಾ ಹೋಯಿತು, ಕೊನೇ ಮೆಟ್ಟಿಲಲ್ಲಿ ಹೆಚ್ಚೂಕಡಿಮೆ ಇಲ್ಲ! ಮಾರಿದವರು "ಎಲ್ಲಾ ಒರಿಜಿನಲ್" ಅಂತ ಆಣೆ ಹಾಕಿದ್ದರು, ಇರಲಿ ಬಿಡಿ. ಗೆಳೆಯನ ಹತ್ತಿರ ಇಂಟರ್‌ಫೇಸ್ ಇದೆ, ನಾಳೆ ತರ್ತೀನಿ. ನಾಲ್ಕೂ ಚಾನಲ್ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಬಹುದಾ? ಹೈ-ಹ್ಯಾಟ್‌ಗೆ ಮಾತ್ರ ಸ್ವಲ್ಪ ರಿವರ್ಬ್ ಹಾಕೋ ಆಸೆ.

ನಾಲ್ಕೇಚಾನಲ್:

ಮಾಡಬಹುದು, ನಾಲ್ಕು ಸಲ ಅಲ್ಲ, ಎರಡೇ ಸಲ. ಈ ಯಂತ್ರದಲ್ಲಿ ಪ್ಯಾನಿಂಗ್ ಅಂದ್ರೆ ಎಡ, ಬಲ, ಇಲ್ಲಾ ಎರಡೂ ಕಡೆ. ನಡುವೆ ಸ್ವಲ್ಪ ಆ ಕಡೆ ಈ ಕಡೆ ಅನ್ನೋದು ಇಲ್ಲ. ಈ ಬಡತನವೇ ಇಲ್ಲಿ ಅನುಕೂಲ. ಹಾಡಿನ ಒಂದು ಕಾಪಿ ಸೇವ್ ಮಾಡಿಕೊಳ್ಳಿ, ಅದರಲ್ಲಿ ಒ ಕಮಾಂಡ್ (ಪ್ಯಾನಿಂಗ್ ಬದಲಿಸೋದು) ಎಲ್ಲೆಲ್ಲಿ ಇದೆಯೋ ತೆಗೆದುಹಾಕಿ. ಮೊದಲ ಸಲ ಪಲ್ಸ್ ಒಂದು ಪೂರ್ತಿ ಎಡಕ್ಕೆ, ಪಲ್ಸ್ ಎರಡು ಪೂರ್ತಿ ಬಲಕ್ಕೆ, ಉಳಿದೆರಡು ಮ್ಯೂಟ್. ಎರಡನೇ ಸಲ ವೇವ್ ಎಡ, ನಾಯ್ಸ್ ಬಲ. ಹಾಡು ಶುರುವಾಗುವ ಒಂದು ಫ್ರೇಸ್ ಮುಂಚೆ ನಾಲ್ಕೂ ಚಾನಲ್‌ನಲ್ಲಿ ಒಂದೇ ಸಾಲಿನಲ್ಲಿ ಒಂದು ಟಕ್ ಅನ್ನೋ ಸ್ವರ ಇಡಿ. ಕಂಪ್ಯೂಟರಿನಲ್ಲಿ ಆ ಟಕ್‌ಗಳನ್ನು ಒಂದರ ಕೆಳಗೊಂದು ಹೊಂದಿಸಿದರೆ ಮುಗೀತು.

ಮತ್ತೆ, ಹಾಡಿನ ಸೇವ್ ಫೈಲನ್ನು ಕಂಪ್ಯೂಟರಿಗೆ ತೆಗೆದಿಟ್ಟಿದ್ದೀರಾ?

ರಾತ್ರಿಪಾಳಿ:

ಇಲ್ಲ. ಯಾಕೆ?

ಪೆನ್ಸಿಲ್‌ಸೆಲ್:

ಅನೇಕ ಕಾರ್ಟ್ರಿಜ್‌ಗಳಲ್ಲಿ ಒಂದು ಬಟನ್ ಸೆಲ್ ಇರುತ್ತದೆ, ಅದು ಸತ್ತರೆ ಹಾಡುಗಳೂ ಹೋಗುತ್ತವೆ. ನನ್ನವು ಹನ್ನೊಂದು ಹಾಡು ಹೋಗಿವೆ. ಇವತ್ತೇ ತೆಗೆದಿಡಿ.

ರಾತ್ರಿಪಾಳಿ:

ಅಯ್ಯಯ್ಯೋ. ಎದ್ದೆ, ಲ್ಯಾಪ್‌ಟಾಪ್ ಆನ್ ಮಾಡ್ತಿದ್ದೀನಿ.