ಹಳೇ ವಾಡೆದ ಪಡಸಾಲ್ಯಾಗ ನಾಟಕ: ಲೈಟಿಗೆ ಕರೆಂಟ್ ಎಲ್ಲಿಂದ ತಗೋಬೇಕು?

ಕೇಳಿದವರು, ಬಾದಾಮಿ ತಾಲೂಕು:
ಯುಗಾದಿ ಮರುದಿನ ನಮ್ಮೂರ ಹಳೇ ವಾಡೆದಾಗ ನಾಟಕ ಇಟ್ಟೇವಿ. ಬಾಡಿಗಿಗೆ 1000 ವ್ಯಾಟಿನ ಎಂಟು ಪಾರ್ ಲೈಟು (ರಂಗದ ಮ್ಯಾಲೆ ಬೆಳಕು ಚೆಲ್ಲೋ ಡಬ್ಬಿ ದೀಪ), 500ರ ಎರಡು ಹ್ಯಾಲೋಜನ್. ಪಡಸಾಲ್ಯಾಗ ಇರೂದು ಒಂದೇ 16 ಆಂಪಿಯರ್ ಸಾಕೆಟ್, ಅದೂ ಕಟ್ಟಿಗಿ ಪಟ್ಟಿ ಮ್ಯಾಲೆ ಹಾಯ್ದ ಹಳೇ ವೈರಿಂಗು. ಎಕ್ಸ್‌ಟೆನ್ಶನ್ ಹಾಕಿದ್ರ ನಡೀತದ ಅಂತಾನ ಲೈಟಿನಂವ. ಮಾಡಿ ನೋಡಿದವರು ಹೇಳ್ರಿ.

ವೈರ್‌ಮನ್, ಬಾಗಲಕೋಟೆ:
ನಡಿಯೂದಿಲ್ರಿ. ಎಲ್ಲಾ ಕೂಡಿ 9000 ವ್ಯಾಟ್. 230 ವೋಲ್ಟಿಗೆ ಭಾಗಿಸಿದ್ರ 39 ಆಂಪಿಯರ್. ನಿಮ್ಮ ಸಾಕೆಟ್ ಹೊಸಾದಿದ್ರೂ ಮೂರು ಪಾರ್ ಹಚ್ಚೂದರಾಗ ಅದರ ಕಥಿ ಮುಗೀತದ. ಎಕ್ಸ್‌ಟೆನ್ಶನ್ ಹಾಕಿದ್ರ ತೂತು ಹೆಚ್ಚಾಗ್ತಾವ, ಕರೆಂಟ್ ಹೆಚ್ಚಾಗೂದಿಲ್ಲ.

ಅದಕ್ಕಿಂತ ದೊಡ್ಡ ಮಾತು ಆ ಪಟ್ಟಿ ವೈರಿಂಗಿಂದು. ಹಳೇ ರಬ್ಬರ್ ವೈರು ಇದ್ದಲ್ಲೇ ಇದ್ರ ವರ್ಷಗಟ್ಟಲೆ ಸುಮ್ಮನಿರ್ತದ. ಬಗ್ಗಿಸಿದ್ರ ಸಾಕು, ರಬ್ಬರು ಹಪ್ಪಳದಂಗ ಉದುರ್ತದ. ಅದನ್ನ ಮುಟ್ಟಲೇಬ್ಯಾಡ್ರಿ. ಲೈಸೆನ್ಸ್ ಇರೋ ಗುತ್ತಿಗೆದಾರರನ್ನ ಹಿಡಿದು ಹೆಸ್ಕಾಂನಿಂದ ತಾತ್ಪೂರ್ತಿಕ ಸಂಪರ್ಕ ತಗೋರಿ. ಅಲ್ಲಿಂದ ರಂಗದ ಬಾಜೂಕ ಹೊಸಾ ಕೇಬಲ್, ಪ್ರತ್ಯೇಕ ಬೋರ್ಡು, ಎಂಸಿಬಿ (ಲೋಡು ಹೆಚ್ಚಾದ್ರ ತಾನಾಗೇ ಬೀಳೋ ಸ್ವಿಚ್ಚು). ಮನಿ ವೈರಿಂಗಿಗೂ ನಿಮ್ಮ ನಾಟಕಕ್ಕೂ ಸಂಬಂಧನ ಇರಬಾರದು.

ನಾಟಕ ಮಾಡಿಸೋರು, ವಿಜಯಪುರ:
ನಮ್ಮ ತಪ್ಪು ಹೇಳ್ತೀನಿ. ಲೈಟಿನ ಕೇಬಲ್ಲು ಡ್ರಮ್ಮಿಗೆ ಸುತ್ತಿತ್ತು, 30 ಮೀಟರ್. ನಮಗ ಬೇಕಾದದ್ದು ಐದಾರು ಮೀಟರ್, ಅಷ್ಟೇ ಎಳದ್ವಿ, ಉಳಿದದ್ದು ಸುತ್ತಿದ್ದಂಗ ಇತ್ತು. ಮೂರು ಪಾರ್ ಹಚ್ಚಿದ್ವಿ. ಎರಡನೇ ಅಂಕದಾಗ ಒಂಥರಾ ವಾಸನಿ. ದೃಶ್ಯದಾಗ ಲೋಬಾನ ಹಾಕಿದ್ವಲ್ಲ, ಅದೇ ಇರಬೇಕು ಅಂತ ಯಾರೂ ಎದ್ದು ನೋಡಲಿಲ್ಲ. ನಾಟಕ ಮುಗಿದ ಮ್ಯಾಲೆ ಡ್ರಮ್ ಎತ್ತಾಕ ಹೋದ ಹುಡುಗ ಕೈ ಝಾಡಿಸಿದ. ಒಳಗಿನ ಸುತ್ತುಗಳು ಕಾಸಿದ ಬೆಲ್ಲದಂಗ ಒಂದಕ್ಕೊಂದು ಅಂಟಿದ್ದವು. ಬಿಚ್ಚಿದ ವೈರಿಗೆ ಗಾಳಿ ತಾಗ್ತದ, ಸುತ್ತಿದ್ದು ತನ್ನ ಕಾವಿನ್ಯಾಗ ತಾನೇ ಬೇಯ್ತದ. ಪೂರ್ತಿ ಬಿಚ್ಚ್ರಿ, ಮಂದಿ ತುಳಿಯದಂಗ ಗ್ವಾಡಿ ಗುಂಟ ಹಾಸ್ರಿ. ಈಗ ನಾವು ಲೈಟ್ ಹಚ್ಚಿ ಅರ್ಧ ತಾಸು ಬಿಟ್ಟು, ಬಂದ್ ಮಾಡಿ, ಪಿನ್ನು, ಕೇಬಲ್ಲಿನ ಮೈ ಮುಟ್ಟಿ ನೋಡ್ತೀವಿ. ಬಿಸಿ ಹತ್ತಿದ್ರ ಆ ಲೈನಿನ ಲೋಡು ಇಳಸ್ತೀವಿ.

ಇನ್ನೊಂದು. ಪಾರ್ ಲೈಟನ್ನ ತೊಲಿಗೆ ಕಟ್ಟಬ್ಯಾಡ್ರಿ. ಒಣಗಿದ ಸಾಗವಾನಿ, ಜಂತಿಗೆ ಜೋತ ಜೇಡರ ಬಲಿ, ಪರದೆ, ಎಲ್ಲಾ ಉರುವಲೇ. ಸ್ಟ್ಯಾಂಡ್ ಹಾಕ್ರಿ.

ಒಬ್ಬ ಎಂಜಿನಿಯರ್, ಬೆಳಗಾವಿ:
ಆ ಹೊಸಾ ಬೋರ್ಡಿನಾಗ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಎಂಸಿಬಿ ವೈರನ್ನ ಕಾಯ್ತದ, ಇದು ಮನುಷ್ಯಾನ್ನ. ಹೋದ ಕರೆಂಟು ಪೂರಾ ತಿರುಗಿ ಬರದಿದ್ರ ಲೈನ್ ಕಡೀತದ. ಟೆಸ್ಟ್ ಗುಂಡಿ ಒತ್ತಿದ್ರ ಟಕ್ ಅಂತ ಬೀಳಬೇಕು, ಬೀಳದಿದ್ರ ಬದಲಿಸ್ರಿ. ಪದೇ ಪದೇ ಬೀಳಾಕತ್ತಿದ್ರ ಅದನ್ನ ತಪ್ಪಿಸಿ ನೇರ ಜೋಡಿಸೋ ಶಾಣ್ಯಾರು ಎಲ್ಲಾ ತಂಡದಾಗೂ ಇರ್ತಾರ, ಅವರನ್ನ ಬೋರ್ಡಿನ ಹತ್ತಿರ ಬಿಡಬ್ಯಾಡ್ರಿ.

ಅರ್ಥಿಂಗ್ ಅಳತಿ ಮಾಡಿಸ್ರಿ. ಯುಗಾದಿ ಹೊತ್ತಿಗೆ ನೆಲ ಒಣಗಿ ಹಳೇ ಅರ್ಥ್ ಗುಂಡಿ ಹೆಸರಿಗಷ್ಟೇ ಉಳದಿರ್ತದ. ಅರ್ಥ್ ಇಲ್ಲ ಅಂತ ನ್ಯೂಟ್ರಲ್ಲಿಗೆ ಗಂಟು ಹಾಕಿದ್ರ, ನ್ಯೂಟ್ರಲ್ ಕಡಿದ ದಿನ ಲೈಟಿನ ತಗಡಿಗೇ ಕರೆಂಟ್ ಬರ್ತದ.

ಹವ್ಯಾಸಿ ನಟ, ಜಮಖಂಡಿ:
ಎಲ್‌ಇಡಿ ಪಾರ್ ತಗೋರಲ್ಲ! ಒಂದೊಂದು 150 ವ್ಯಾಟ್ ಹಿಡಿದ್ರೂ ಎಂಟಕ್ಕ 1200. ಬಣ್ಣದ ಕಾಗದದ ಖರ್ಚೂ ಇಲ್ಲ. ಗ್ಯಾಸಬತ್ತಿ ಬೆಳಕಿನ್ಯಾಗ ಬೆಳತನಕ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದ ನಮ್ಮಜ್ಜ ಅದೂ ಹೆಚ್ಚಾತು ಅಂತಿದ್ದ.

ವೈರ್‌ಮನ್, ಬಾಗಲಕೋಟೆ:
ಎಲ್‌ಇಡಿ ಛಲೋ. ಆದ್ರ ಅದನ್ನೂ ಆ ಹಳೇ ಸಾಕೆಟ್ಟಿಗೆ ಚುಚ್ಚಬ್ಯಾಡ್ರಿ. ಜನರೇಟರ್ ತಂದ್ರ, ಹೆಸ್ಕಾಂ ಲೈನು, ಜನರೇಟರ್ ಎರಡರಾಗ ಒಂದನ್ನಷ್ಟ ಹಚ್ಚೋ ಚೇಂಜ್‌ಓವರ್ ಸ್ವಿಚ್ ಇಲ್ಲದ ಜೋಡಿಸಬ್ಯಾಡ್ರಿ. ಕರೆಂಟು ಉಲ್ಟಾ ಹೋಗಿ ಕಂಬದ ಮ್ಯಾಲಿನ ಲೈನ್‌ಮನ್ ಜೀವಕ್ಕ ಬರ್ತದ.

ಕೇಳಿದವರು:
ನಿನ್ನೆ ವೈರ್‌ಮನ್ನರನ್ನ ಕರಕೊಂಡು ಹೋಗಿ ಮೀಟರ್ ಬೋರ್ಡ್ ತಗಸಿದ್ವಿ. ಚೀನಿ ಮಣ್ಣಿನ ಫ್ಯೂಸಿನ್ಯಾಗ ಫ್ಯೂಸ್ ತಂತಿ ಬದಲು ಬೈಕಿನ ಕ್ಲಚ್ ತಂತಿ, ನಾಕು ಎಳಿ ಹೊಸೆದು ಕೂಡಿಸಿದ್ರು. ಮೀಟರಿನ ಹಿಂದ ಇಲಿ ಗೂಡು. ಎಂಟೂ ಎಲ್‌ಇಡಿ ಹೇಳೇವಿ, ಹ್ಯಾಲೋಜನ್ ಕೈ ಬಿಟ್ಟೇವಿ, ತಾತ್ಪೂರ್ತಿಕ ಸಂಪರ್ಕಕ್ಕ ಸೋಮವಾರ ಅರ್ಜಿ ಕೊಡ್ತೀವಿ. ಲೈಟಿನಂವ ಮಾತ್ರ ಮುಖ ಊದಿಸ್ಯಾನ.