ಮಗ ಚಿಲಿಕಾದಲ್ಲಿದ್ದಾನೆ, ಫೋನೇ ಬರುತ್ತಿಲ್ಲ. ನಿಮಗೆ ಹೇಗಿತ್ತು?

ಹಾವೇರಿ ಕಡೆಯ ಅಮ್ಮ

ನನ್ನ ಮಗ ನೌಕಾಪಡೆಯ ಅಗ್ನಿವೀರ್ ಎಸ್‌ಎಸ್‌ಆರ್‌ಗೆ (ನಾಲ್ಕು ವರ್ಷದ ನಾವಿಕ ಕೆಲಸ) ಆಯ್ಕೆಯಾಗಿ ಒಡಿಶಾದ ಐಎನ್‌ಎಸ್ ಚಿಲಿಕಾ ತರಬೇತಿ ಕೇಂದ್ರಕ್ಕೆ ಹೋಗಿದ್ದಾನೆ. ಗೇಟಿನ ಹೊರಗೆ ನಿಂತು ಒಂದು ಫೋನ್ ಮಾಡಿದ. ಆಮೇಲೆ ಒಂದು ಸಲ ಯಾವುದೋ ನಂಬರಿನಿಂದ ಅರ್ಧ ನಿಮಿಷ ಮಾತಾಡಿದ. "ಊಟ ಚೆನ್ನಾಗಿದೆ, ಕೂದಲು ತೆಗೆದರು, ಇಡ್ತೀನಿ" ಅಂದ, ಅಷ್ಟೇ. ಅವನ ಫೋನ್ ಸ್ವಿಚ್ಡ್ ಆಫ್. ಎರಡು ಭಾನುವಾರ ಕಳೆದವು. ಆ ನಂಬರಿಗೆ ನಾನೇ ತಿರುಗಿ ಮಾಡಬಹುದಾ? ಪತ್ರ ಹಾಕಿದರೆ ಸಿಗುತ್ತಾ? ಅವನ ಅಜ್ಜಿ ದಿನಾ ಸಂಜೆ ಕೇಳುತ್ತಾರೆ, ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮಕ್ಕಳ ಅನುಭವ ಹೇಳಿ.

ಮಂಡ್ಯ, 2022ರ ಬ್ಯಾಚಿನ ತಾಯಿ

ಅಕ್ಕ, ನಮ್ಮವನದು ಮೊಟ್ಟಮೊದಲ ಅಗ್ನಿವೀರ್ ಬ್ಯಾಚ್. ಆಗ ಕೇಳೋಣ ಅಂದರೂ ಯಾರಿಗೂ ಏನೂ ಗೊತ್ತಿರಲಿಲ್ಲ. ಸೇರಿಸುವುದಕ್ಕೇ ನಾವು ಎಷ್ಟು ಸುರಿದೆವು ಅಂತ ಹೇಳಿದರೆ ನಂಬುವುದಿಲ್ಲ. ಕೋಚಿಂಗ್ ಅಕಾಡೆಮಿಗೆ 35,000. ಅವರದ್ದೇ ಹಾಸ್ಟೆಲ್, ತಿಂಗಳಿಗೆ 6,500, ಬೆಳಗ್ಗೆ ಕೊಡುತ್ತಿದ್ದದ್ದು ಬರೀ ಚಿತ್ರಾನ್ನ. ಓಡುವ ಶೂ 3,200, ಅದೂ ಎರಡು ಜೊತೆ. ಮೆಡಿಕಲ್‌ಗೆ 14 ಡೆಂಟಲ್ ಪಾಯಿಂಟ್ (ಒಳ್ಳೆಯ ಹಲ್ಲಿಗೆ ಕೊಡುವ ಅಂಕ) ಬೇಕು ಅಂತ ಎರಡು ಹಲ್ಲಿಗೆ ಸಿಮೆಂಟ್ ತುಂಬಿಸಿದೆವು, 4,800. ಕಿವಿಯಲ್ಲಿ ಗುಗ್ಗೆ ಇದೆ ಅಂತ ಮೆಡಿಕಲ್‌ನಲ್ಲಿ ವಾಪಸ್ ಕಳಿಸಿದರು. ಇಎನ್‌ಟಿ ಹತ್ತಿರ ಹೋಗಿ 1,100 ಕೊಟ್ಟು ಕ್ಲೀನ್ ಮಾಡಿಸಿಕೊಂಡು ಮತ್ತೆ ಹೋದ. ಇಷ್ಟೆಲ್ಲ ಆಗಿ ಅವನು ಒಳಗೆ ಹೋದ ಮೇಲೆ ಫೋನೇ ಇಲ್ಲ ಅಂದರೆ ಹೇಗಿರಬೇಡ ಹೇಳಿ.

ನಮಗೆ ತೊಂದರೆ ಕೊಟ್ಟದ್ದು ನಮ್ಮದೇ ಮೊಬೈಲ್. ಅಲ್ಲಿಂದ ಬರುವ ನಂಬರ್ ನಮ್ಮಲ್ಲಿ ಸೇವ್ ಆಗಿರುವುದಿಲ್ಲ. ನಮ್ಮ ಯಜಮಾನರ ಫೋನಿನಲ್ಲಿ ಲೋನ್ ಕಾಲ್ ಕಾಟ ಅಂತ ಗೊತ್ತಿಲ್ಲದ ನಂಬರ್ ಬಂದರೆ ಸದ್ದೇ ಆಗದ ಹಾಗೆ ಸೆಟ್ಟಿಂಗ್ ಮಾಡಿಟ್ಟಿದ್ದರು. ಆ್ಯಪ್ ಬೇರೆ ಆ ನಂಬರಿಗೆ ಕೆಂಪು ಬಣ್ಣ ಬಳಿದು ಸ್ಪ್ಯಾಮ್ ಅಂತ ತೋರಿಸಿತ್ತು. ಒಂದೇ ಫೋನಿನಿಂದ ಎಷ್ಟೋ ಹುಡುಗರು ಎಷ್ಟೋ ಊರಿಗೆ ಎರಡೆರಡು ನಿಮಿಷ ಮಾತಾಡಿದರೆ ಆ್ಯಪ್‌ಗೆ ಅದೂ ಲೋನ್ ಕಂಪನಿ ಥರ ಕಾಣುತ್ತೋ ಏನೋ. ಆ ಸೆಟ್ಟಿಂಗ್ ಮೊದಲು ತೆಗೆಸಿ. ತಿರುಗಿ ಮಾಡಿದರೆ ಬೇರೆ ರಾಜ್ಯದ ಯಾವನೋ ಹುಡುಗ ಎತ್ತುತ್ತಾನೆ, ಪಾಪ ಅವನ ಸರದಿಯ ಎರಡು ನಿಮಿಷ ನಮ್ಮಿಂದ ಹೋಗುತ್ತೆ.

ಕಾರವಾರ, ನಿವೃತ್ತ ನಾವಿಕ

1991ರಲ್ಲಿ ನಾನು ಇದೇ ಚಿಲಿಕಾದಲ್ಲಿ ತರಬೇತಿ ಮಾಡಿದವನು. ಮನೆಯಲ್ಲಿ ಫೋನ್ ಇರಲಿಲ್ಲ, ಕಿರಾಣಿ ಅಂಗಡಿಯವರದ್ದು ಪಿ.ಪಿ. ನಂಬರ್, ಅವರು ಮನೆಯವರನ್ನು ಕೂಗಿ ಕರೆಯಬೇಕು. ರಾತ್ರಿ ರೇಟು ಇಳಿಯುವವರೆಗೆ ಕಾದು ಎಸ್‌ಟಿಡಿ ಬೂತ್‌ನಲ್ಲಿ ಸಾಲು ನಿಂತರೆ ಅಷ್ಟು ಹೊತ್ತಿಗೆ ಅಂಗಡಿ ಬಾಗಿಲು ಹಾಕಿರುತ್ತಿತ್ತು. ಇನ್‌ಲ್ಯಾಂಡ್ ಲೆಟರ್ ಬರೆದೆ, ಅದಕ್ಕೆ ಉತ್ತರ ಬರುವ ಹೊತ್ತಿಗೆ ನಾನು ಈಜು ಕಲಿತಿದ್ದೆ. ಯಾರೂ ಸಾಯಲಿಲ್ಲ. ನನ್ನ ಮಗನೂ ಈಗ ಸೇವೆಯಲ್ಲಿದ್ದಾನೆ, ಅವನು ಸೇರಿದಾಗ ನಾನು ಫೋನ್ ಕಾಯಲಿಲ್ಲ.

ಬೆಳಗಾಗುವ ಮುಂಚೆ ಎದ್ದು ಪಿಟಿ, ಪರೇಡ್, ಕ್ಲಾಸ್, ಬಟ್ಟೆ ಒಗೆಯುವುದು, ಶೂ ಪಾಲಿಶ್. ಸ್ವಲ್ಪ ಬಿಡುವು ಸಿಕ್ಕರೆ ಹುಡುಗ ನಿದ್ದೆ ಮಾಡುತ್ತಾನೆ, ಮಾಡಲಿ ಬಿಡಿ. ಮನೆಯ ದನಿ ಕೇಳಿದ ದಿನವೇ ಹುಡುಗರು ಕುಗ್ಗುವುದು. ಹಡಗು ಹತ್ತಿದ ಮೇಲೆ ನಡುಗಡಲಲ್ಲಿ ಯಾವ ಟವರ್ ಸಿಗುತ್ತೆ? ಅದಕ್ಕೆ ಈಗಲೇ ಅಭ್ಯಾಸ ಆಗಬೇಕು. ಈಗಿನ ತಾಯಂದಿರು ಮಕ್ಕಳನ್ನು ಫೋನಿನಲ್ಲೇ ಸಾಕುತ್ತಾರೆ.

ಕಲಬುರಗಿ, ಮಗಳ ತಾಯಿ

ಸರ್, ನಿಮ್ಮ ಕಾಲದ ಕಷ್ಟಕ್ಕೆ ಕೈಮುಗಿಯುತ್ತೇನೆ. ಆದರೆ ತಾಯಂದಿರ ಬಗ್ಗೆ ಹಾಗೆ ಹೇಳಬೇಡಿ. ನನ್ನ ಮಗಳು ಚಿಲಿಕಾಗೆ ಹೋದವಳು. ಮೊದಲ ಬ್ಯಾಚಿನಲ್ಲೇ 273 ಹುಡುಗಿಯರು ಮುಗಿಸಿ ಬಂದರು ಅಂತ ಓದಿ ಅವಳು ಹಟ ಹಿಡಿದಳು. ಹೆಣ್ಣುಮಗುವನ್ನು ಎಲ್ಲಿಗೆ ಕಳಿಸಿದಿರಿ ಅಂತ ಬೀಗರೂ ನೆಂಟರೂ ನನ್ನನ್ನು ತಿಂದು ಹಾಕಿದ್ದಾರೆ. ನಾನು ಫೋನ್ ಕಾದದ್ದು ಮುದ್ದು ಮಾಡುವುದಕ್ಕಲ್ಲ.

ನಾಲ್ಕೈದು ವಾರ ಸರಿಯಾಗಿ ಬರುತ್ತಿದ್ದ ಫೋನ್ ನಿಂತಿತು. ನೀವು ಹೇಳಿದ ಹಾಗೆ ನಿದ್ದೆ ಮಾಡುತ್ತಿರಬೇಕು ಅಂದುಕೊಂಡೆವು. ಕೊನೆಗೆ ಮಾತಾಡಿದಾಗ "ಅವ್ವಾ, ಎಲ್ಲ ಆರಾಮ" ಅಂದಳು. ನಡುನಡುವೆ ನಿಲ್ಲಿಸುತ್ತಿದ್ದಳು. ಅಳು ತಡೆಯುವಾಗ ಅವಳು ಚಿಕ್ಕಂದಿನಿಂದ ಹಾಗೇ, ಗಂಟಲಲ್ಲಿ ಏನೋ ನುಂಗಿ ಆಮೇಲೆ ಮಾತಾಡುತ್ತಾಳೆ. ಬಿಡಲಿಲ್ಲ, ಕೇಳಿದೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ಪ್ಲಾಸ್ಟರ್ ಹಾಕಿದ್ದಾರೆ, ಈ ಬ್ಯಾಚ್ ಜೊತೆ ಪಾಸ್ ಆಗುವುದಿಲ್ಲ, ರೆಲಿಗೇಟ್, ಅಂದರೆ ಮುಂದಿನ ಬ್ಯಾಚಿಗೆ ಹಾಕಿದ್ದಾರೆ.

ನಾವಾಗಲೇ ತರಬೇತಿ ಮುಗಿಯುವ ಪಾಸಿಂಗ್ ಔಟ್ ಪರೇಡಿಗೆ ಆರು ಜನ ಟಿಕೆಟ್ ಮಾಡಿಸಿದ್ದೆವು. ಥರ್ಡ್ ಎಸಿ, ಹೋಗಿ ಬರುವುದು ಸೇರಿ 24,600. ಕ್ಯಾನ್ಸಲ್ ಮಾಡಿದಾಗ ಒಬ್ಬೊಬ್ಬರಿಗೂ ಕತ್ತರಿಸಿದರು. ಲಾಡ್ಜಿನವನಿಗೆ ಮುಂಗಡ 5,000 ಕೊಟ್ಟಿದ್ದೆ, "ನೋ ರಿಫಂಡ್ ಮೇಡಂ" ಅಂದ. ಹೊಲಿಸಿದ್ದ ಸೀರೆಯ ಬ್ಲೌಸ್ ಹಾಗೇ ಬಿದ್ದಿದೆ. ಮಗಳು ಮುಂದಿನ ಬ್ಯಾಚ್ ಜೊತೆ ಮುಗಿಸಿದಳು, ಈಗ ಕೊಚ್ಚಿಯಲ್ಲಿದ್ದಾಳೆ. ಆ ಒಂದು ಫೋನ್ ಬರದಿದ್ದರೆ ಅವಳು ಒಬ್ಬಳೇ ಅದನ್ನು ನುಂಗಿಕೊಂಡು ಇರುತ್ತಿದ್ದಳು. ಫೋನಿನಿಂದ ಕುಗ್ಗುತ್ತಾರಂತೆ!

ಕಾರವಾರ, ನಿವೃತ್ತ ನಾವಿಕ

ರೆಲಿಗೇಟ್ ಆಗಿಯೂ ಮುಗಿಸಿದ ಹುಡುಗಿಗೆ ನನ್ನ ಸಲ್ಯೂಟ್. ಅವಳು ಎದ್ದು ನಿಂತದ್ದು ಅವಳ ಡಿವಿಷನ್ನಿನವರ (ತರಬೇತಿ ತಂಡದವರ) ಜೊತೆ, ಫೋನಿನಿಂದಲ್ಲ. ನನ್ನ ಮಾತು ಬದಲಾಗುವುದಿಲ್ಲ.

ಚಿಕ್ಕೋಡಿಯ ತಂದೆ

ಇಲ್ಲಿ ಎಲ್ಲರೂ ಬರದ ಫೋನಿನ ಬಗ್ಗೆ ಹೇಳುತ್ತಿದ್ದೀರಿ. ನಮಗೆ ಬಂದ ಫೋನೇ ಕಷ್ಟ ತಂದಿತು. ಬೆಳಗ್ಗೆ ಒಬ್ಬ ಹಿಂದಿಯಲ್ಲಿ ಮಾತಾಡಿದ. ಮಗನ ಹೆಸರು, ತಂದೆಯ ಹೆಸರು, ಬ್ಯಾಚು, ಎಲ್ಲ ಸರಿಯಾಗಿ ಹೇಳಿದ. "ನಿಮ್ಮ ಹುಡುಗ ಪರೇಡಿನಲ್ಲಿ ಬಿದ್ದಿದ್ದಾನೆ, ಹೊರಗಿನ ಆಸ್ಪತ್ರೆಗೆ ಸಾಗಿಸಬೇಕು, ತಕ್ಷಣ 40,000 ಹಾಕಿ" ಅಂದ. ಹಿಂದೆ ಹುಡುಗನೊಬ್ಬ ಅಳುವ ಸದ್ದು ಬೇರೆ. ನನ್ನ ಹೆಂಡತಿ ಅಲ್ಲೇ ಕುಸಿದಳು. ನನ್ನ ತಮ್ಮ ಫೋನ್ ಕಿತ್ತುಕೊಂಡು "ಯಾವ ಡಿವಿಷನ್?" ಅಂತ ಕೇಳಿದ. ಆ ಕಡೆ ಕಟ್. ಸೈನ್ಯದ ಆಸ್ಪತ್ರೆಯಲ್ಲಿ ಟ್ರೈನಿಗಳಿಗೆ ಬಿಲ್ ಇಲ್ಲ, ಯಾರೂ ಮನೆಯವರ ಹತ್ತಿರ ಯುಪಿಐ ಕೇಳುವುದಿಲ್ಲ. ಅಷ್ಟು ವಿವರ ಅವನಿಗೆ ಸಿಕ್ಕಿದ್ದು ಎಲ್ಲಿಂದ? ಹುಡುಗ ಹೊರಟ ದಿನ ನಾವೇ ಜಾಯಿನಿಂಗ್ ಲೆಟರ್ ಸಮೇತ ಫೋಟೋ ಹಾಕಿದ್ದೆವು, ಊರಿನ ಕಟೌಟ್‌ನಲ್ಲೂ ಇತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು.

ಇನ್ನೊಂದು ಮಾತು. ನಾಲ್ಕು ವರ್ಷದ ನೌಕರಿಗೆ ಇಷ್ಟು ಸಂಕಟ ಯಾಕೆ ಅಂತ ನನಗೆ ಈಗಲೂ ಅನಿಸುತ್ತೆ. ಮೊದಲ ವರ್ಷ ಸಂಬಳ 30,000 ಅಂತಾರೆ, ನಾಲ್ಕು ವರ್ಷ ಮುಗಿದಾಗ ಕೊಡುವ ಸೇವಾನಿಧಿಗೆ ಹೋಗಿ ಕೈಗೆ 21,000. ಕೊನೆಗೆ ನೂರಕ್ಕೆ 25ಕ್ಕಿಂತ ಜಾಸ್ತಿ ಜನರನ್ನು ಇಟ್ಟುಕೊಳ್ಳುವುದಿಲ್ಲ. ಪಿಂಚಣಿ ಇಲ್ಲ.

ಮಂಡ್ಯ, 2022ರ ಬ್ಯಾಚಿನ ತಾಯಿ

ಸರ್ಕಾರವೂ ಅಷ್ಟೇ ದುಡ್ಡು ಸೇವಾನಿಧಿಗೆ ಹಾಕುತ್ತೆ, ಅದನ್ನು ಯಾಕೆ ಬಿಟ್ಟಿರಿ? ನನ್ನ ಮಗ ತಂಗಿಯ ಫೀಸು ಕಟ್ಟಿದ್ದಾನೆ. ಅವನ ಜೊತೆ ಓದಿದ ಹುಡುಗರು ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಿದ್ದಾರೆ. ಕಷ್ಟಪಟ್ಟು ಸೇರಿಸಿದವರ ಮುಂದೆ ಹೀಗೆ ಮಾತಾಡಬೇಡಿ.

ಚಿಕ್ಕೋಡಿಯ ತಂದೆ

ನನ್ನ ಮಗನೂ ಅಲ್ಲೇ ಇದ್ದಾನಲ್ಲ ತಾಯಿ. ನನ್ನ ಹೊಟ್ಟೆಯ ಉರಿ ನಾನು ಹೇಳಬಾರದಾ?

ಟೆಕ್ಸಾಸ್, ಮೂಲ ಶಿವಮೊಗ್ಗ

ನನ್ನ ಮಗ ಅಮೆರಿಕದ ನೌಕಾಪಡೆ ಸೇರಿದ. ಅಲ್ಲಿ ಹೊಸಬರ ತರಬೇತಿಯ ಬೂಟ್ ಕ್ಯಾಂಪ್ ಒಂದೇ, ಶಿಕಾಗೋ ಉತ್ತರಕ್ಕೆ ಗ್ರೇಟ್ ಲೇಕ್ಸ್. ತಲುಪಿದ ರಾತ್ರಿ ಒಂದು ಫೋನ್ ಬಂತು. ಎದುರಿಗೆ ಬರೆದಿಟ್ಟದ್ದನ್ನು ಕೂಗಿ ಓದಿದ ಹಾಗೆ, ನಾನು ತಲುಪಿದ್ದೇನೆ, ಕ್ಷೇಮ, ಆಮೇಲೆ ಪತ್ರ ಬರುತ್ತೆ. ನಾನು "ಪುಟ್ಟಾ" ಅನ್ನುವುದರೊಳಗೆ ಕಟ್. ಕೆಲವು ದಿನಕ್ಕೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಅವನು ಹಾಕಿಕೊಂಡು ಹೋದ ಅಂಗಿ, ಪ್ಯಾಂಟು, ಶೂ ಎಲ್ಲ ಅದರಲ್ಲಿ. ನನ್ನವಳು ಆ ಅಂಗಿ ಒಗೆಯುವುದಕ್ಕೆ ಬಿಡಲಿಲ್ಲ. ಆಮೇಲಿನ ಫೋನುಗಳು ಅಪರೂಪ. ಕೊನೆಯಲ್ಲಿ ಹಡಗಿನ ಮಾದರಿಯೊಳಗೆ ರಾತ್ರಿಯಿಡೀ ಬ್ಯಾಟಲ್ ಸ್ಟೇಷನ್ಸ್ ಅಂತ ಒಂದು ಪರೀಕ್ಷೆ. ಅದು ಮುಗಿದರೆ 'ರಿಕ್ರೂಟ್' ಅನ್ನುವ ಟೋಪಿ ತೆಗೆಸಿ 'ನೇವಿ' ಅನ್ನುವ ಟೋಪಿ ಕೊಡುತ್ತಾರೆ. ಅದಾದ ಮೇಲೆ ಬರುವ ಫೋನಿಗೆ ಅಲ್ಲಿನ ಎಲ್ಲ ತಂದೆತಾಯಿ ರಜೆ ಹಾಕಿ ಕಾಯುತ್ತಾರೆ. ಬೂಟ್ ಕ್ಯಾಂಪ್ ಮೊದಲು 10 ವಾರ ಇತ್ತು, 2025ರ ಜನವರಿಯಿಂದ 9 ವಾರ.

ಗ್ರ್ಯಾಜುಯೇಶನ್‌ಗೆ ನಮಗೆ ವಿಮಾನಕ್ಕೆ 1,140 ಡಾಲರ್, ಹೋಟೆಲ್ ರಾತ್ರಿಗೆ 189, ಕಾರಿಗೆ ದಿನಕ್ಕೆ 74 ಆಯಿತು. ಅವನು ಪರೀಕ್ಷೆಯಲ್ಲಿ ನಪಾಸಾಗಿ ಒಂದು ವಾರ ಹಿಂದೆ ಬಿದ್ದಿದ್ದರೆ ಅಷ್ಟೂ ನೀರಿಗೆ. ಹಾಗಾಗಿ ಕ್ಯಾನ್ಸಲ್ ಆಗುವ ಟಿಕೆಟ್ಟನ್ನೇ ಮಾಡಿಸಿದೆ, ಜಾಸ್ತಿ ದುಡ್ಡು ಕೊಟ್ಟು.

ಚಿಕ್ಕೋಡಿಯ ತಂದೆ

ಅಮೆರಿಕದ ಕತೆ ಈ ತಾಯಿಗೆ ಏನು ಉಪಯೋಗ? ನಿಮ್ಮವರಿಗೆ ಕೆಲಸ ಪರ್ಮನೆಂಟು.

ಟೆಕ್ಸಾಸ್, ಮೂಲ ಶಿವಮೊಗ್ಗ

ಅಲ್ಲ ಸರ್. ನನ್ನ ಮಗನದ್ದೂ ನಾಲ್ಕು ವರ್ಷದ ಕಾಂಟ್ರಾಕ್ಟ್. ಒಟ್ಟು ಬಾಧ್ಯತೆ 8 ವರ್ಷ, ಉಳಿದದ್ದು ರಿಸರ್ವ್, ಕರೆದರೆ ಹೋಗಬೇಕು. ಕಾಯುವ ಸಂಕಟಕ್ಕೆ ದೇಶ ಇಲ್ಲ ಅಂತ ಬರೆದೆ. ನನ್ನ ಹೆಂಡತಿ ಸ್ನಾನದ ಮನೆಗೂ ಫೋನ್ ಒಯ್ಯುತ್ತಿದ್ದಳು, ಅದನ್ನು ಹೇಳುವುದಕ್ಕೂ ಪಾಸ್‌ಪೋರ್ಟ್ ಬೇಕಾ?

ಕಲಬುರಗಿ, ಮಗಳ ತಾಯಿ

ಇಬ್ಬರೂ ಬಿಡಿ. ಹಾವೇರಿ ಅಕ್ಕ, ಪತ್ರ ಖಂಡಿತ ಹಾಕಿ. ಹೆಸರು, ನಂಬರ್, ಡಿವಿಷನ್ ಸರಿಯಾಗಿ ಬರೆಯಿರಿ, ಇಲ್ಲದಿದ್ದರೆ ಅಷ್ಟು ಮಕ್ಕಳಲ್ಲಿ ಎಲ್ಲಿ ಹುಡುಕುತ್ತಾರೆ? ಮನೆಯ ಜಗಳ, ಸಾಲ ಏನೂ ಬರೆಯಬೇಡಿ. ನಾನು ಎಮ್ಮೆ ಕರು ಹಾಕಿದ್ದು ಬರೆದಿದ್ದೆ, ಅದನ್ನೇ ಇಡೀ ಬ್ಯಾರಕ್ಕಿಗೆ ಓದಿ ಹೇಳಿದಳಂತೆ.

ಕಾರವಾರ, ನಿವೃತ್ತ ನಾವಿಕ

ಇದನ್ನು ಒಪ್ಪುತ್ತೇನೆ. ಪತ್ರ ಒಳ್ಳೆಯದು, ಬೇಕಾದಾಗ ತೆಗೆದು ಓದಬಹುದು. ಪರೇಡಿಗೆ ಹೋಗುವವರು ಬಾಲುಗಾಂವ್‌ನಲ್ಲೇ ಉಳಿಯಿರಿ, ಅದೇ ಹತ್ತಿರ.

ಕಲಬುರಗಿ, ಮಗಳ ತಾಯಿ

ಆ ದಿನ ಬಾಲುಗಾಂವ್‌ನಲ್ಲಿ 900ರ ರೂಮಿಗೆ 2,800 ಹೇಳುತ್ತಾರೆ, ಬಕೆಟ್ಟೂ ಒಡೆದಿರುತ್ತೆ. ಬರ್ಕುಲ್‌ನಲ್ಲಿ ಸರ್ಕಾರಿ ಪಾಂಥನಿವಾಸ ಇದೆ, ಮುಂಚೆ ನೋಡಿಕೊಳ್ಳಿ.

ಮಂಡ್ಯ, 2022ರ ಬ್ಯಾಚಿನ ತಾಯಿ

ನಾವು ಭುವನೇಶ್ವರದಲ್ಲಿ ಉಳಿದು ಟ್ಯಾಕ್ಸಿ ಮಾಡಿದೆವು, 3,800. 2023ರ ಮಾರ್ಚ್ 28ರಂದು ನಮ್ಮ ಮಕ್ಕಳ ಪರೇಡ್ ನಡೆದದ್ದು ಸೂರ್ಯ ಮುಳುಗಿದ ಮೇಲೆ, ವಾಪಸ್ ಬರುವಾಗ ನಡುರಾತ್ರಿ. ಡ್ರೈವರ್ ವೇಯ್ಟಿಂಗ್ ಅಂತ 700 ಜಾಸ್ತಿ ಕಿತ್ತ. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹಿಡಿಯಿರಿ ಅಕ್ಕ, ಅದೇ ಒಳ್ಳೆಯದು.

ಕಾರವಾರ, ನಿವೃತ್ತ ನಾವಿಕ

ಹಾವೇರಿಯವರು ಬೆಂಗಳೂರಿಗೆ ಯಾಕೆ ಹೋಗಬೇಕು ತಂಗಿ? ಹುಬ್ಬಳ್ಳಿಗೆ ಬಂದರೆ ವಾಸ್ಕೋದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಗದಗ, ಬಳ್ಳಾರಿ, ವಿಜಯವಾಡ ಮೇಲೆ ನೇರ ಒಡಿಶಾಗೆ ಹೋಗುತ್ತೆ. ದಿನಾ ಇಲ್ಲ, ವಾರ ನೋಡಿ ಬುಕ್ ಮಾಡಬೇಕು.

ಮಂಡ್ಯ, 2022ರ ಬ್ಯಾಚಿನ ತಾಯಿ

ಆ ಗಾಡಿಯಲ್ಲಿ ವೇಯ್ಟಿಂಗ್ ಲಿಸ್ಟ್ ಕರಗುವುದೇ ಇಲ್ಲ ಅಣ್ಣ. ನಮ್ಮ ನಾದಿನಿ ಅದನ್ನೇ ನಂಬಿ ಗುಂಟಕಲ್‌ವರೆಗೆ ನಿಂತುಕೊಂಡು ಹೋದಳು.